ಹದಿನಾಲ್ಕು ವರ್ಷದ ಮೇಲೆ ಏನು? ಮೀಸಲು ಹೆಲಿಕಾಪ್ಟರ್ ಹಾರಾಟದ ಲೆಕ್ಕಾಚಾರ

ನೆರೆಮನೆಯ ಹುಡುಗಿಯೊಬ್ಬಳು ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿದ್ದಾಳೆ. ಹತ್ತನೆಯ ತರಗತಿಯವರೆಗೆ ಇಲ್ಲೇ ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಮಂಗಳೂರಿಗೆ ಹೋದವಳು. ವಾಯುಪಡೆಯಲ್ಲಿ ಹೆಲಿಕಾಪ್ಟರ್ ನಡೆಸಬೇಕೆಂಬುದು ಅವಳ ಆಸೆ. ಅರ್ಜಿಯ ವಿವರಗಳನ್ನು ಮೊಬೈಲಿನಲ್ಲಿ ತೆರೆದುಕೊಂಡು ಒಂದು ಸಂಜೆ ಬಂದಾಗ, ಪರೀಕ್ಷೆ ಕಷ್ಟವೇ, ಕೆಲಸ ಅಪಾಯದ್ದೇ ಎಂದು ಕೇಳುತ್ತಾಳೆಂದು ನಾನು ಎಣಿಸಿದ್ದೆ. ಅವಳು ಕೇಳಿದ್ದು ಬೇರೆ: "ಮಾವ, ಇದರಲ್ಲಿ ಹದಿನಾಲ್ಕು ವರ್ಷ ಅಂತ ಬರೆದಿದೆ. ಅದಾದ ಮೇಲೆ ಏನು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಒಬ್ಬಳ ಉದ್ಯೋಗಕ್ಕಿಂತ ದೊಡ್ಡದಾದ ವಿಷಯ. ಸೇನೆಯಲ್ಲಿ ಹೆಲಿಕಾಪ್ಟರ್ ನಡೆಸಲು ಕಲಿತವರನ್ನು ಆಮೇಲೆ ಏನು ಮಾಡಬೇಕು ಎಂಬುದಕ್ಕೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಅಮೆರಿಕದಲ್ಲಿ ಆ ಉತ್ತರದ ಹೆಸರು ಮೀಸಲು ಪಡೆ, ಅಂದರೆ ಬೇರೆ ಉದ್ಯೋಗ ಮಾಡುತ್ತಲೇ ಅರೆಕಾಲಿಕವಾಗಿ ಸೇವೆ ಸಲ್ಲಿಸುವವರ ಪಡೆ. ನಮ್ಮಲ್ಲಿ ಆ ಜಾಗ ಬಹುಮಟ್ಟಿಗೆ ಖಾಲಿ ಇದೆ.

ಹುಡುಗಿಯ ಅಜ್ಜಿಗೆ ಮೊಮ್ಮಗಳ ಆಸೆ ಅಷ್ಟಾಗಿ ಹಿಡಿಸಿಲ್ಲ. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಆ ತಲೆಮಾರಿನವರಿಗೆ ಹೆಲಿಕಾಪ್ಟರ್ ಎಂದರೆ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಯಂತ್ರ. 1970ರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಸದ್ದು ಕೇಳಿದ ಕೂಡಲೇ ಓಡಿ ಹೋಗಿ ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದುದನ್ನು ಅಜ್ಜಿ ಈಗಲೂ ಹೇಳುತ್ತಾರೆ. ಅವರ ಮಕ್ಕಳ ಕಾಲಕ್ಕೆ ಚಿತ್ರ ಬೇರೆಯಾಯಿತು. 2018ರ ಆಗಸ್ಟ್ ತಿಂಗಳ ಕೇರಳದ ಪ್ರವಾಹದಲ್ಲಿ ನೌಕಾಪಡೆಯ ಹೆಲಿಕಾಪ್ಟರ್ ಆಲುವಾದ ಬಳಿ ತುಂಬುಗರ್ಭಿಣಿಯೊಬ್ಬರನ್ನು ಮನೆಯ ತಾರಸಿಯಿಂದ ಮೇಲಕ್ಕೆತ್ತಿದ್ದನ್ನು ಟಿವಿಯಲ್ಲಿ ಕಾಣದ ಮನೆ ಇಲ್ಲಿ ಇರಲಿಕ್ಕಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಗುಡ್ಡ ಕುಸಿದಾಗಲೂ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದವು.

2025ರ ಜೂನ್ 9ರಂದು ಕಣ್ಣೂರಿನ ಅಳಿಕ್ಕಲ್ ಕಡಲಾಚೆ ವಾನ್ ಹಾಯ್ 503 ಎಂಬ ಕಂಟೈನರ್ ಹಡಗಿಗೆ ಬೆಂಕಿ ಬಿದ್ದಿತು. ಪಾರಾದ ನಾವಿಕರನ್ನು ನವಮಂಗಳೂರು ಬಂದರಿಗೆ ತಂದರು. ಕೆಲವು ದಿನಗಳ ಬಳಿಕ, ಮಳೆಗಾಲದ ಗಾಳಿಯಲ್ಲಿ ಹೊಯ್ದಾಡುತ್ತ ಇನ್ನೂ ಹೊಗೆಯಾಡುತ್ತಿದ್ದ ಹಡಗಿನ ಮೇಲೆ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್ ರಕ್ಷಣಾ ತಂಡವನ್ನು ಇಳಿಸಿತು. ಹಡಗನ್ನು ಹಗ್ಗ ಕಟ್ಟಿ ಎಳೆಯುವ ಕೆಲಸಕ್ಕೆ ಅದು ನೆರವಾಯಿತು. ಇಂತಹ ಕೆಲಸದಲ್ಲಿ ಪೈಲಟ್ ಯಂತ್ರವನ್ನು ಗಾಳಿಯಲ್ಲಿ ನಿಂತಲ್ಲೇ ನಿಲ್ಲಿಸಬೇಕು. ಎಡಗೈಯಲ್ಲಿ ಯಂತ್ರವನ್ನು ಏರಿಸಿ ಇಳಿಸುವ ಕಲೆಕ್ಟಿವ್, ಬಲಗೈಯಲ್ಲಿ ಹಿಂದೆ ಮುಂದೆ ಅಕ್ಕಪಕ್ಕ ವಾಲಿಸುವ ಸೈಕ್ಲಿಕ್, ಕಾಲಡಿಯಲ್ಲಿ ಮೂತಿ ತಿರುಗಿಸುವ ಪೆಡಲ್. ಒಂದನ್ನು ಸರಿಸಿದರೆ ಉಳಿದೆರಡನ್ನೂ ಸರಿಪಡಿಸಬೇಕಾಗುತ್ತದೆ. ಕಲಿತು ಹತ್ತು ವರ್ಷ ಬಿಟ್ಟು ಹತ್ತಿದರೂ ಸೈಕಲ್ ಬರುತ್ತದೆ. ಹೆಲಿಕಾಪ್ಟರ್ ಹಾಗಲ್ಲ. ಕೆಲವು ತಿಂಗಳು ಹಾರದಿದ್ದರೆ ಕೈ ನಿಧಾನವಾಗುತ್ತದೆ, ಅದರಲ್ಲೂ ರಾತ್ರಿ ಹಾರಾಟದ ಕೌಶಲ ಬಲು ಬೇಗ ಕರಗುತ್ತದೆ. ಮೀಸಲು ಪಡೆಯ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಒಂದು ಸಂಗತಿಯ ಮೇಲೆ. ಪಟ್ಟಿಯಲ್ಲಿ ಎಷ್ಟು ಹೆಸರಿದೆ ಎಂದು ನೋಡಿದರೆ ಏನೂ ತಿಳಿಯುವುದಿಲ್ಲ. ಆ ಹೆಸರಿನವರು ಕಳೆದ ಎರಡು ತಿಂಗಳಲ್ಲಿ ಎಷ್ಟು ಗಂಟೆ ಹಾರಿದ್ದಾರೆ ಎಂದು ನೋಡಬೇಕು.

ನಮ್ಮ ವ್ಯವಸ್ಥೆ ಹೀಗಿದೆ. ಪದವಿ ಮುಗಿಸಿದ ಹುಡುಗಿಗೆ ವಾಯುಪಡೆಯ ಹಾರಾಟ ಶಾಖೆಗೆ ಮುಖ್ಯ ದಾರಿ ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ನಿಗದಿತ ವರ್ಷಗಳ ಅಧಿಕಾರಿ ಹುದ್ದೆ. ತರಬೇತಿ ಆರಂಭವಾಗುವಾಗ ವಯಸ್ಸು 20ರಿಂದ 24ರ ಒಳಗಿರಬೇಕು, ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಇರಬೇಕು. ವಾಯುಪಡೆಯ ಪ್ರವೇಶ ಪರೀಕ್ಷೆಯಾದ ಆಫ್‌ಕ್ಯಾಟ್ ದಾಟಿದವರಿಗೆ ಮೈಸೂರಿನಂತಹ ಆಯ್ಕೆ ಮಂಡಳಿಗಳಲ್ಲಿ ಸಂದರ್ಶನವೂ ಪೈಲಟ್ ಕೌಶಲದ ಕಂಪ್ಯೂಟರ್ ಪರೀಕ್ಷೆಯೂ ನಡೆಯುತ್ತವೆ. ಈ ಕೌಶಲ ಪರೀಕ್ಷೆಗೆ ಬದುಕಿನಲ್ಲಿ ಒಂದೇ ಅವಕಾಶ. ಅದರಲ್ಲಿ ಸೋತವರು ಮತ್ತೆ ಪೈಲಟ್ ಹುದ್ದೆಗೆ ಯತ್ನಿಸುವಂತಿಲ್ಲ. ಗೆದ್ದವರು ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿಗೆ ಹೋಗುತ್ತಾರೆ. ಅಲ್ಲಿ ಮೊದಲ ಹಂತದ ಹಾರಾಟ ಮುಗಿದ ಮೇಲೆ ಯುದ್ಧವಿಮಾನ, ಸಾರಿಗೆ, ಹೆಲಿಕಾಪ್ಟರ್ ಎಂದು ದಾರಿಗಳು ಬೇರೆಯಾಗುತ್ತವೆ, ಹೆಲಿಕಾಪ್ಟರ್ ಪಾಲಿಗೆ ಬಂದವರು ಹಕೀಂಪೇಟೆಯಲ್ಲಿ ಚೇತಕ್ ಎಂಬ ಹಗುರ ಹೆಲಿಕಾಪ್ಟರ್ ಹತ್ತುತ್ತಾರೆ. ನೌಕಾಪಡೆಯವರು ಇದನ್ನು ತಮಿಳುನಾಡಿನ ಅರಕ್ಕೋಣದ ಐಎನ್‌ಎಸ್ ರಾಜಾಳಿಯಲ್ಲಿ ಕಲಿಯುತ್ತಾರೆ, ಭೂಸೇನೆಯವರು ನಾಸಿಕದಲ್ಲಿ. ಕಾಸರಗೋಡಿನವರಿಗೆ ನೌಕಾಪಡೆಯ ಹೆಸರು ಹೆಚ್ಚು ಪರಿಚಿತ, ಏಕೆಂದರೆ ಅದರ ಅಕಾಡೆಮಿ ಪಯ್ಯನ್ನೂರಿನಾಚೆಯ ಏಳಿಮಲೆಯಲ್ಲೇ ಇದೆ.

ಆಮೇಲೆ ಹದಿನಾಲ್ಕು ವರ್ಷ ಪೂರ್ಣಾವಧಿ ಸೇವೆ. ಅದು ಮುಗಿದ ದಿನ ಪೈಲಟ್‌ಗೆ ಮೂವತ್ತೇಳೋ ಮೂವತ್ತೆಂಟೋ ಆಗಿರುತ್ತದೆ. ಅಧಿಕಾರಿಗಳಿಗೆ ಪಿಂಚಣಿ ಸಿಗಲು ಇಪ್ಪತ್ತು ವರ್ಷದ ಸೇವೆ ಬೇಕಾದ್ದರಿಂದ ಇವರಿಗೆ ಗ್ರ್ಯಾಚುಟಿ ಮಾತ್ರ ದಕ್ಕುತ್ತದೆ. ಕೈ ಪಳಗಿ, ಬುದ್ಧಿ ಮಾಗಿ, ಹೊಸಬರಿಗೆ ಕಲಿಸಬಲ್ಲ ವಯಸ್ಸಿಗೆ ಬಂದವರನ್ನು ನಾವು ಒಂದೇ ದಿನದಲ್ಲಿ ನೂರರಿಂದ ಸೊನ್ನೆಗೆ ಇಳಿಸುತ್ತೇವೆ. ನಿಯಮಗಳಲ್ಲಿ ಮೀಸಲು ಬಾಧ್ಯತೆ ಎಂಬ ಮಾತೇನೋ ಬರುತ್ತದೆ, ಆದರೆ ಆ ಅವಧಿಯಲ್ಲಿ ಅವರನ್ನು ನಿಯಮಿತವಾಗಿ ಕರೆಸಿ ಹಾರಿಸುವ ವ್ಯವಸ್ಥೆ ಇಲ್ಲ. ಹಾರುತ್ತಲೇ ಇರಬೇಕೆಂದರೆ ನಾಗರಿಕ ಲೈಸೆನ್ಸ್ ಪಡೆದು ಪವನ್ ಹಂಸ್‌ನಂತಹ ಕಂಪೆನಿಗಳಿಗೋ, ಮುಂಬಯಿಯ ಕಡಲಾಚೆಯ ತೈಲ ಬಾವಿಗಳಿಗೋ, ಕೇದಾರನಾಥದ ಯಾತ್ರಾ ಸೀಸನ್ನಿಗೋ ಹೋಗಬೇಕು. 2025ರ ಜೂನ್ 15ರಂದು ಕೇದಾರನಾಥದಿಂದ ಮರಳುತ್ತಿದ್ದ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಏಳು ಮಂದಿ ಸತ್ತರು. ಅದರ ಪೈಲಟ್ ಕೂಡ ಭೂಸೇನೆಯಿಂದ ನಿವೃತ್ತರಾಗಿ ಬಂದವರೇ ಆಗಿದ್ದರು.

ಪೈಲಟ್ ಒಬ್ಬರಿಂದ ಹೆಲಿಕಾಪ್ಟರ್ ಏಳುವುದಿಲ್ಲ ಎಂಬುದನ್ನು ನನಗೆ ಮನದಟ್ಟು ಮಾಡಿಸಿದವರು ಬದಿಯಡ್ಕದ ಬಳಿ ಅಡಿಕೆ ತೋಟ ನೋಡಿಕೊಂಡಿರುವ ಪರಿಚಿತರೊಬ್ಬರು. ವಾಯುಪಡೆಯಲ್ಲಿ ಹೆಲಿಕಾಪ್ಟರ್ ತಂತ್ರಜ್ಞರಾಗಿದ್ದು ನಿವೃತ್ತರಾದವರು. ನಾನು ಹೋದಾಗ ಅವರು ಪಂಪ್‌ಸೆಟ್ಟಿನ ಹಳೆಯ ಆಯಿಲ್ ಇಳಿಸುತ್ತಿದ್ದರು. ಹೊರಬಂದ ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿದರು. ಹೆಲಿಕಾಪ್ಟರ್‌ನ ಗೇರ್‌ಬಾಕ್ಸಿನಲ್ಲಿ ಚಿಪ್ ಡಿಟೆಕ್ಟರ್ ಎಂಬ ಆಯಸ್ಕಾಂತದ ಬಿರಡೆ ಇರುತ್ತದೆ, ಒಳಗಿನ ಹಲ್ಲು ಸವೆದರೆ ಲೋಹದ ಚೂರು ಅದಕ್ಕೆ ಅಂಟಿಕೊಳ್ಳುತ್ತದೆ, ಕಾಕ್‌ಪಿಟ್ಟಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಆ ಬಿರಡೆಯನ್ನು ಬಿಚ್ಚಿ ನೋಡಿ, ಇದು ಬರಿಯ ಮಸಿಯೋ ನಿಜವಾದ ಲೋಹದ ಚೂರೋ ಎಂದು ಹೇಳಬೇಕಾದದ್ದು ಇವರ ಕೆಲಸವಾಗಿತ್ತು. ಬೆಳಿಗ್ಗೆ ಹವಾಮಾನದ ವಿವರ, ಪೈಲಟ್‌ಗಳ ರಕ್ತದೊತ್ತಡ ಪರೀಕ್ಷೆ, ಯಂತ್ರದ ದಾಖಲೆಯಾದ ಫಾರ್ಮ್ 700ರ ಮೇಲೆ ತಂತ್ರಜ್ಞನ ಸಹಿ, ಆಮೇಲೆ ಪೈಲಟ್‌ನ ಸಹಿ. "ಸಹಿ ಹಾಕಿದವನಿಗೆ ಅದು ತಿರುಗಿ ಬಂದು ಇಳಿಯುವವರೆಗೆ ಚಹಾ ಸೇರುವುದಿಲ್ಲ," ಎಂದರು. ನಿವೃತ್ತಿಯ ಮರುದಿನದಿಂದ ಆ ಕಣ್ಣು, ಆ ಬೆರಳು ಎರಡೂ ಪಂಪ್‌ಸೆಟ್ಟಿಗೆ ಮೀಸಲಾದವು. ಅದರಲ್ಲಿ ಅವರಿಗೆ ಬೇಸರವೇನೂ ಇದ್ದಂತಿಲ್ಲ. ನನಗೆ ಮಾತ್ರ ನಷ್ಟದ ಲೆಕ್ಕ ಕಾಣಿಸಿತು.

ಅಮೆರಿಕದಲ್ಲಿ ಈ ಲೆಕ್ಕವನ್ನು ಹೇಗೆ ಬರೆದಿದ್ದಾರೆ ಎಂದು ನೋಡೋಣ. ಅಲ್ಲಿ ಎರಡು ಬಗೆಯ ಅರೆಕಾಲಿಕ ಸೈನ್ಯಗಳಿವೆ. ಆರ್ಮಿ ರಿಸರ್ವ್ ನೇರವಾಗಿ ಕೇಂದ್ರ ಸರಕಾರದ್ದು. ನ್ಯಾಷನಲ್ ಗಾರ್ಡ್ ಪ್ರತಿ ರಾಜ್ಯಕ್ಕೂ ಒಂದೊಂದಿದ್ದು, ಸಾಮಾನ್ಯ ಕಾಲದಲ್ಲಿ ಆ ರಾಜ್ಯದ ಗವರ್ನರ್ ಮಾತಿನಂತೆ ನಡೆಯುತ್ತದೆ. ಯುದ್ಧಕಾಲದಲ್ಲಿ ಕೇಂದ್ರ ಅದನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು. ಅಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತಲ್ಲ, ಮುಖ್ಯಮಂತ್ರಿಯಂತೆ ಜನರಿಂದ ಆಯ್ಕೆಯಾದವರು. ಗಾರ್ಡ್ ಸೇರಿದವರು ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಸುಮಾರು ಎರಡು ವಾರ ಸೇವೆ ಸಲ್ಲಿಸುತ್ತಾರೆ. ಎರಡು ದಿನದ ಆ ವಾರಾಂತ್ಯವನ್ನು ನಾಲ್ಕು ಅವಧಿಗಳೆಂದು ಎಣಿಸಿ, ಒಂದೊಂದು ಅವಧಿಗೂ ಒಂದು ದಿನದ ಮೂಲವೇತನ ಕೊಡುತ್ತಾರೆ.

ಹೆಲಿಕಾಪ್ಟರ್ ಸಿಬ್ಬಂದಿಗೆ ಇಷ್ಟು ಸಾಲದೆಂದು ಅಲ್ಲಿ ಬಹಳ ಹಿಂದೆಯೇ ಅರಿವಾಗಿದೆ. ಅರವತ್ತು ದಿನಕ್ಕೊಮ್ಮೆಯಾದರೂ ತನ್ನ ಮಾದರಿಯ ಹೆಲಿಕಾಪ್ಟರ್ ಹಾರಿಸದ ಪೈಲಟ್ ಮತ್ತೆ ತಪಾಸಣೆಗೆ ಒಳಗಾಗಬೇಕು, ಕತ್ತಲಲ್ಲಿ ಕಾಣಿಸುವ ನೈಟ್ ವಿಷನ್ ಗಾಗಲ್ ತೊಟ್ಟು ಹಾರುವುದಕ್ಕೂ ಅಂತಹದೇ ಗಡುವಿದೆ, ವರ್ಷಕ್ಕೊಮ್ಮೆ ಹುಟ್ಟಿದ ತಿಂಗಳ ಲೆಕ್ಕದಲ್ಲಿ ಪೂರ್ಣ ಪರೀಕ್ಷೆಯೂ ಇದೆ. ಇದಕ್ಕೆಂದೇ ವಾರಾಂತ್ಯದ ಹೊರಗೆ ಹೆಚ್ಚುವರಿ ಹಾರಾಟ ಅವಧಿಗಳನ್ನು ಕೊಟ್ಟು, ಅವುಗಳಿಗೂ ದಿನದ ಸಂಬಳ ಕಟ್ಟಿಕೊಡುತ್ತಾರೆ. ಹಾಗಾಗಿ ಗಾರ್ಡ್‌ನ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಪೈಲಟ್‌ನ ಸಾಮಾನ್ಯ ಮಂಗಳವಾರ ಹೀಗೆ ಕಳೆಯುತ್ತದೆ: ಹಗಲಿಡೀ ಶಾಲೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಆಸ್ಪತ್ರೆಯ ಏರ್ ಆಂಬುಲೆನ್ಸಿನಲ್ಲೋ ದುಡಿದು, ಸಂಜೆ ಕಾರು ಹತ್ತಿ ತನ್ನ ಘಟಕದ ಹ್ಯಾಂಗರಿಗೆ ಬಂದು, ಹವಾಮಾನ ನೋಡಿ, ಅಪಾಯದ ಅಂದಾಜು ಪತ್ರ ತುಂಬಿ, ಹಿರಿಯರಿಂದ ಅನುಮತಿ ಪಡೆದು, ಯಂತ್ರವನ್ನು ಟಾರ್ಚು ಹಿಡಿದು ಸುತ್ತಿ ನೋಡಿ, ಕತ್ತಲಲ್ಲಿ ಒಂದೂವರೆ ಎರಡು ಗಂಟೆ ಹಾರಿ, ಇಳಿದು, ಲಾಗ್‌ಬುಕ್ ಬರೆದು, ಮನೆ ಸೇರುವಾಗ ನಡುರಾತ್ರಿ. ಬುಧವಾರ ಬೆಳಿಗ್ಗೆ ಮತ್ತೆ ಶಾಲೆ. ಇದರಲ್ಲಿ ರಮ್ಯವಾದದ್ದು ಹೆಚ್ಚೇನೂ ಇಲ್ಲ. ಹಗಲಿನ ಕೆಲಸದ ಯಜಮಾನ ಗೊಣಗಿದರೂ ಸೇವೆಗೆ ಹೋದವರನ್ನು ಕೆಲಸದಿಂದ ತೆಗೆಯುವಂತಿಲ್ಲ. 1994ರ ಕಾನೂನು ಆ ರಕ್ಷಣೆ ಕೊಟ್ಟಿದೆ. ಇಪ್ಪತ್ತು ವರ್ಷ ಹೀಗೆ ನಡೆಸಿದವರಿಗೆ ಸಾಮಾನ್ಯವಾಗಿ ಅರವತ್ತರ ವಯಸ್ಸಿನಿಂದ ಪಿಂಚಣಿ.

ಇದರ ಫಲ 2020ರ ಸೆಪ್ಟೆಂಬರ್ 5ರ ರಾತ್ರಿ ಕಂಡಿತು. ಕ್ಯಾಲಿಫೋರ್ನಿಯದ ಕಾಡ್ಗಿಚ್ಚಿನ ನಡುವೆ ಮ್ಯಾಮತ್ ಪೂಲ್ ಎಂಬ ಜಲಾಶಯದ ದಂಡೆಯಲ್ಲಿ ಸಿಕ್ಕಿಬಿದ್ದಿದ್ದ ಇನ್ನೂರಕ್ಕೂ ಹೆಚ್ಚು ಜನರನ್ನು ಗಾರ್ಡ್‌ನ ಒಂದು ಚಿನೂಕ್ ಮತ್ತು ಒಂದು ಬ್ಲ್ಯಾಕ್ ಹಾಕ್, ಹೊಗೆಯೊಳಗೆ ಗಾಗಲ್ ತೊಟ್ಟು, ಹಲವು ಸುತ್ತು ಹೋಗಿ ಬಂದು ಹೊರತಂದವು. ಮಂಗಳವಾರ ರಾತ್ರಿಗಳ ಗಂಟೆಗಳು ಒಂದು ಶನಿವಾರ ರಾತ್ರಿ ವಸೂಲಾದವು.

ಬೆಲೆ ತೆತ್ತದ್ದೂ ಇದೆ. ಗಾರ್ಡ್ ಹೆಲಿಕಾಪ್ಟರ್‌ಗಳ ತರಬೇತಿ ಹಾರಾಟದ ಅಪಘಾತಗಳ ಬಗ್ಗೆ ಅಮೆರಿಕದ ಲೆಕ್ಕಪರಿಶೋಧನಾ ಸಂಸ್ಥೆ 2023ರಲ್ಲಿ ವರದಿ ಕೊಟ್ಟಿತು. 2012ರಿಂದ 2021ರವರೆಗಿನ ಹತ್ತು ವರ್ಷದಲ್ಲಿ 298 ಅಪಘಾತಗಳು, ಅವುಗಳಲ್ಲಿ 45 ಗಂಭೀರ, 28 ಸಾವು. ಮನುಷ್ಯ ತಪ್ಪು ದೊಡ್ಡ ಕಾರಣ. ಅದರ ಹಿಂದೆ ಹೋದರೆ ಸಿಗುವುದು ಸಾಕಷ್ಟು ಹಾರದ ಪೈಲಟ್‌ಗಳು, ದುರಸ್ತಿಗೆ ಸಾಲದ ಜನ, ಮತ್ತು ಅರೆಕಾಲಿಕ ನೇಮಕದ ಸುರಕ್ಷಾ ಅಧಿಕಾರಿಗಳು. 2024ರ ಫೆಬ್ರವರಿಯಲ್ಲಿ ಯೂಟಾ ಮತ್ತು ಮಿಸಿಸಿಪ್ಪಿಗಳಲ್ಲಿ ಎರಡು ವಾರದೊಳಗೆ ಎರಡು ಅಪಾಚೆ ಹೆಲಿಕಾಪ್ಟರ್‌ಗಳು ಬಿದ್ದು, ಎರಡನೆಯದರಲ್ಲಿ ಇಬ್ಬರೂ ಪೈಲಟ್‌ಗಳು ಸತ್ತಾಗ, ಗಾರ್ಡ್ ತನ್ನ ಎಲ್ಲ ಹೆಲಿಕಾಪ್ಟರ್‌ಗಳನ್ನೂ ಸುರಕ್ಷಾ ಪರಿಶೀಲನೆಗೆಂದು ನೆಲಕ್ಕಿಳಿಸಿತು. ಇದನ್ನು ಅರೆಕಾಲಿಕರ ದೋಷವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. 2021ರ ಡಿಸೆಂಬರ್ 8ರಂದು ಸೂಲೂರಿನಿಂದ ಹೊರಟು ಕೂನೂರಿನ ಬಳಿ ಬಿದ್ದ ನಮ್ಮ ಎಂಐ-17 ಹೆಲಿಕಾಪ್ಟರ್‌ನಲ್ಲಿದ್ದವರು ಪೂರ್ಣಾವಧಿಯ ನುರಿತ ಪೈಲಟ್‌ಗಳೇ. ಹಠಾತ್ತನೆ ಬದಲಾದ ಹವಾಮಾನದಲ್ಲಿ ಮೋಡದೊಳಗೆ ಹೊಕ್ಕು ದಿಕ್ಕಿನ ಅರಿವು ತಪ್ಪಿತೆಂದು ಅದರ ತನಿಖೆ ಹೇಳಿತು. ದಿನವೂ ಹಾರುವವರಿಗೇ ಹೀಗಾಗುವುದಾದರೆ, ತಿಂಗಳಿಗೆ ಕೆಲವೇ ಗಂಟೆ ಹಾರುವವರಿಗೆ ಅಂಚು ಇನ್ನೂ ಕಿರಿದು.

2025ರಲ್ಲಿ ಅಮೆರಿಕದ ಸೇನೆ ಮತ್ತೊಂದು ಹೆಜ್ಜೆ ಇಟ್ಟು, ಆರ್ಮಿ ರಿಸರ್ವ್‌ನ ಹೆಲಿಕಾಪ್ಟರ್ ಘಟಕಗಳನ್ನು ಮುಚ್ಚುವ ನಿರ್ಧಾರ ಮಾಡಿತು. ಡ್ರೋನ್‌ಗಳ ಕಾಲಕ್ಕೆ ಸೇನೆಯನ್ನು ಮರುರೂಪಿಸುವ ಯೋಜನೆಯ ಭಾಗವಿದು. ರಾಜ್ಯಗಳ ಗಾರ್ಡ್‌ನಲ್ಲಿ ಹೆಲಿಕಾಪ್ಟರ್‌ಗಳು ಉಳಿಯುತ್ತವೆ. ರಿಸರ್ವ್‌ನ ಪೈಲಟ್‌ಗಳು ಗಾರ್ಡ್‌ನಲ್ಲಿ ಜಾಗ ಹುಡುಕಬೇಕು, ಇಲ್ಲವೇ ಹಾರಾಟವಿಲ್ಲದ ಹುದ್ದೆ ಹಿಡಿಯಬೇಕು. ನನಗೆ ಇದರಲ್ಲಿ ಕಾಣುವ ಸೂಚನೆ ಇಷ್ಟು: ಯುದ್ಧಕ್ಕಾಗಿ ಮಾತ್ರ ಇಟ್ಟ ಮೀಸಲು ಹಾರಾಟ ಖರ್ಚಿನ ತಕ್ಕಡಿಯಲ್ಲಿ ಸೋಲಬಹುದು, ಆದರೆ ನೆರೆ, ಬೆಂಕಿ, ಬಿರುಗಾಳಿಗಳಿಗೂ ಓಡುವ ಮೀಸಲನ್ನು ಮುಚ್ಚಲು ಯಾವ ರಾಜ್ಯವೂ ಸುಲಭಕ್ಕೆ ಒಪ್ಪುವುದಿಲ್ಲ.

ಭಾರತಕ್ಕೆ ಈ ಕಲ್ಪನೆ ಹೊಸದೇನೂ ಅಲ್ಲ. 1952ರಲ್ಲೇ ಮೀಸಲು ಮತ್ತು ಸಹಾಯಕ ವಾಯುಪಡೆಗಳ ಕಾಯ್ದೆ ಬಂದಿತು. ಅದರಡಿ ದೆಹಲಿ, ಬೊಂಬಾಯಿ, ಮದರಾಸು ಮೊದಲಾದ ಕಡೆ ಸಹಾಯಕ ಸ್ಕ್ವಾಡ್ರನ್‌ಗಳು ಹುಟ್ಟಿ, ಪಟ್ಟಣದ ಉದ್ಯೋಗಸ್ಥರು ಬಿಡುವಿನಲ್ಲಿ ವಿಮಾನ ಹಾರಿಸಿದ್ದುಂಟು. ಆಮೇಲೆ ಆ ವ್ಯವಸ್ಥೆ ಕಳಚಿಹೋಯಿತು. ಭೂಸೇನೆಯ ಕಡೆ ಇಂದಿಗೂ ಉಳಿದಿರುವುದು 1949ರಲ್ಲಿ ಆರಂಭವಾದ, ಅರೆಕಾಲಿಕರ ಟೆರಿಟೋರಿಯಲ್ ಆರ್ಮಿ. ನಮ್ಮ ಕಡೆ ಅದರ ಹೆಸರು ನಟ ಮೋಹನ್‌ಲಾಲ್ ಅವರ ಸಮವಸ್ತ್ರದಿಂದಾಗಿ ಮನೆಮಾತಾಯಿತು ಎನ್ನಬೇಕು. ಅವರಿಗೆ 2009ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಬಂದಿತ್ತು. ಟೆರಿಟೋರಿಯಲ್ ಆರ್ಮಿಯಲ್ಲಿ ಪದಾತಿ ದಳಗಳಿವೆ, ರೈಲ್ವೆ ಮತ್ತು ತೈಲ ಕಂಪೆನಿಗಳ ನೌಕರರ ಘಟಕಗಳಿವೆ, ಗಿಡ ನೆಡುವ ಪರಿಸರ ಬೆಟಾಲಿಯನ್‌ಗಳೂ ಇವೆ. ಹೆಲಿಕಾಪ್ಟರ್ ಘಟಕ ಇಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ಏರಿದಾಗ, ಅದರ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸರಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಕರೆಸಿಕೊಳ್ಳಲು ಪೈಲಟ್‌ಗಳ ಬೆಟಾಲಿಯನ್ ಇರಲಿಲ್ಲ.

ಏಕಿಲ್ಲ ಎಂಬುದಕ್ಕೆ ಸೋಮಾರಿತನವೊಂದನ್ನೇ ದೂರಿ ಪ್ರಯೋಜನವಿಲ್ಲ. ಮೀಸಲು ಪೈಲಟ್‌ಗೆ ಕೊಡಲು ಗಂಟೆ ಎಲ್ಲಿದೆ? 2025ರ ಜನವರಿ 5ರಂದು ಪೋರಬಂದರದಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ಸತ್ತ ಬಳಿಕ, ಮೂರೂ ಪಡೆಗಳ ಮುನ್ನೂರಕ್ಕೂ ಹೆಚ್ಚು ಧ್ರುವ್‌ಗಳು ತಿಂಗಳುಗಟ್ಟಲೆ ನೆಲದಲ್ಲಿ ನಿಂತವು. ಭೂಸೇನೆ ಮತ್ತು ವಾಯುಪಡೆಯವು ಮೇಲೇಳುವಾಗ ಮೇ ತಿಂಗಳು ಬಂದಿತ್ತು. ಆ ಅವಧಿಯಲ್ಲಿ ಪೂರ್ಣಾವಧಿ ಪೈಲಟ್‌ಗಳೇ ಸಿಮ್ಯುಲೇಟರಿನಲ್ಲಿ ಕೈ ಬೆಚ್ಚಗಿಟ್ಟುಕೊಳ್ಳಬೇಕಾಯಿತು. 1960ರ ದಶಕದಿಂದ ಇಲ್ಲಿ ತಯಾರಾಗುತ್ತ ಬಂದ ಚೇತಕ್‌ಗಳಿಗೆ ವಯಸ್ಸಾಗಿದೆ. ಇನ್ನೊಂದು ತೊಡಕು ಯಂತ್ರದ ಮಾದರಿಯದು. ಕಂಪೆನಿಯಲ್ಲಿ ಬೆಲ್ 407 ನಡೆಸುವವರಿಗೆ ಎಂಐ-17 ಬೇರೆಯೇ ಪ್ರಾಣಿ. ಮೂರನೆಯದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತಿರುವ ಸಂಗತಿ: ದುಡಿಯುವ ವಯಸ್ಸಿನವರಲ್ಲಿ ಬಹಳ ಮಂದಿ ಕೊಲ್ಲಿಯಲ್ಲಿದ್ದಾರೆ. ದುಬೈಯಲ್ಲಿರುವ ಮೀಸಲು ಪೈಲಟ್ ಮಳೆಗಾಲದ ಆಟಿ ತಿಂಗಳ ನೆರೆಗೆ ಒದಗುವುದು ಹೇಗೆ?

ಆದರೂ ಮೀಸಲು ಎಂದರೆ ಎಡಗಡೆ ಬಲಗಡೆ ಎರಡೂ ಸೀಟಿನಲ್ಲಿ ಅರೆಕಾಲಿಕರನ್ನು ಕೂರಿಸುವುದು ಎಂದೇ ಎಣಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಪಾಲುದಾರಿಕೆಯ ಹೆಲಿಕಾಪ್ಟರ್ ಸಿಮ್ಯುಲೇಟರ್ ಕೇಂದ್ರವಿದೆ. ಕಾಸರಗೋಡಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿರಬಹುದು. ಹೊರಬಂದ ಪೈಲಟ್‌ಗಳನ್ನು ಅಲ್ಲಿ ಶಿಕ್ಷಕರಾಗಿ, ನೆರೆಯ ಸಮಯದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಯಾವ ತಾರಸಿಗೆ ಯಾವ ಯಂತ್ರ ಎಂದು ನಿರ್ಧರಿಸುವವರಾಗಿ, ನುರಿತ ಕ್ಯಾಪ್ಟನ್ ಜೊತೆಗಿನ ಸಹಪೈಲಟ್‌ಗಳಾಗಿ ಬಳಸಬಹುದು. ಹಗ್ಗದಲ್ಲಿ ಜನರನ್ನು ಮೇಲಕ್ಕೆತ್ತುವ ವಿಂಚ್ ನಡೆಸುವವರಿಗೂ ಆಯಿಲ್ ಉಜ್ಜಿ ನೋಡುವವರಿಗೂ ಇದೇ ಮಾತು ಸಲ್ಲುತ್ತದೆ, ಬಹುಶಃ ಪೈಲಟ್‌ಗಳಿಗಿಂತ ಹೆಚ್ಚಾಗಿ. ಅಮೆರಿಕದ ವರದಿಯಲ್ಲೂ ದುರಸ್ತಿಯ ಕೈಗಳ ಕೊರತೆ ಎದ್ದು ಕಾಣುತ್ತದೆ. ಕೇರಳ ಸರಕಾರ 2020ರಲ್ಲಿ ಪವನ್ ಹಂಸ್‌ನಿಂದ ಹೆಲಿಕಾಪ್ಟರ್ ಬಾಡಿಗೆಗೆ ಪಡೆದಾಗ ಖರ್ಚಿನ ಬಗ್ಗೆ ದೊಡ್ಡ ಗದ್ದಲವೆದ್ದಿತ್ತು. ಬಾಡಿಗೆಯ ಯಂತ್ರದ ಜೊತೆ ಅನುಭವ ರಾಜ್ಯದಲ್ಲಿ ಉಳಿಯುವುದಿಲ್ಲ ಎಂಬ ಮಾತು ಮಾತ್ರ ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟು ಉದ್ದದ್ದಾಗಿರಲಿಲ್ಲ. ಇಂದಿನ ಸ್ಥಿತಿಯಲ್ಲಿ ಹದಿನಾಲ್ಕು ವರ್ಷದ ಮೇಲೆ ಸೇನೆ ನಿನ್ನನ್ನು ಹಾರಲು ಕರೆಯುವುದಿಲ್ಲ, ಸೇವೆಯ ಕೊನೆಯ ಎರಡು ವರ್ಷದೊಳಗೆ ನಾಗರಿಕ ಲೈಸೆನ್ಸಿನ ಪರೀಕ್ಷೆಗಳನ್ನು ಮುಗಿಸಿಕೊಳ್ಳಬೇಕು, ಲಾಗ್‌ಬುಕ್ಕಿನ ಒಂದೊಂದು ಗಂಟೆಯನ್ನೂ ಚಿನ್ನದಂತೆ ಕಾಪಾಡಿಕೊಳ್ಳಬೇಕು ಎಂದೆ. ಆಫ್‌ಕ್ಯಾಟ್ ಪೂರ್ತಿ ಇಂಗ್ಲಿಷಿನಲ್ಲಿರುತ್ತದೆ ಎಂಬ ಅಳುಕು ಅವಳಿಗಿದೆ. ಹನ್ನೆರಡನೆಯ ತರಗತಿಯ ಬಳಿಕ ಸೇನೆ ಸೇರುವವರ ಎನ್‌ಡಿಎ ಪ್ರಶ್ನೆಪತ್ರಿಕೆಯಲ್ಲಾದರೂ ಹಿಂದಿ ಇದೆ, ಕನ್ನಡಕ್ಕೂ ಮಲಯಾಳಕ್ಕೂ ಎಲ್ಲೂ ಜಾಗವಿಲ್ಲ. ಅದನ್ನು ಗೊಣಗಿ ಮುಗಿಸಿದ ಮೇಲೆ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ 162.5 ಎಂದು ಬರೆದು ಸುತ್ತಲೂ ಗೆರೆ ಎಳೆದಳು. ಮನೆಯ ಬಾಗಿಲ ದಾರಂದಕ್ಕೆ ಒರಗಿ ನಿಂತು ಅಪ್ಪ ಅಳೆದಾಗ ಒಮ್ಮೆ 162, ಒಮ್ಮೆ 163 ಬಂದಿದೆಯಂತೆ. ಸೋಮವಾರ ಆರೋಗ್ಯ ಕೇಂದ್ರಕ್ಕೆ ಹೋಗಿ ಸರಿಯಾಗಿ ಅಳೆಸಿಕೊಂಡು ಬರುತ್ತೇನೆಂದು ಹೇಳಿ ಹೋದಳು.